ಆ ಮಟ್ಟಸ ಗೆರೆಯನ್ನು ನಂಬುವ ಮೊದಲು

ಸೌರ ಜಿಯೋಎಂಜಿನಿಯರಿಂಗ್, ಅಂದರೆ ಬಿಸಿಲಿನ ಒಂದು ಪಾಲನ್ನು ತಡೆದು ಭೂಮಿಯನ್ನು ತಂಪಾಗಿಡುವ ಉಪಾಯ. ಅದರ ಬಗ್ಗೆ ಯಾರು ಮಾತಾಡಲು ನಿಂತರೂ ಒಂದು ಚಿತ್ರ ತಪ್ಪದೆ ತೆರೆಯ ಮೇಲೆ ಬರುತ್ತದೆ. ಅಡ್ಡಕ್ಕೆ ವರ್ಷಗಳು, ಉದ್ದಕ್ಕೆ ಭೂಮಿಯ ಸರಾಸರಿ ತಾಪಮಾನ. ಕೆಂಪು ಗೆರೆ ಏರುತ್ತಲೇ ಹೋಗುತ್ತದೆ. 2035ರ ಹೊತ್ತಿಗೆ ಅದರಿಂದ ಕವಲೊಡೆದ ನೀಲಿ ಗೆರೆ ಸ್ವಲ್ಪ ತಡವರಿಸಿ, ಆಮೇಲೆ ಮೇಜಿನ ಹಲಗೆಯ ಹಾಗೆ 2069ರವರೆಗೂ ಮಟ್ಟಸವಾಗಿ ಸಾಗುತ್ತದೆ. ಆಕಾಶಕ್ಕೆ ಗಂಧಕ ಚೆಲ್ಲಿದರೆ ಭೂಮಿ ಕಾಯುವುದು ನಿಲ್ಲುತ್ತದೆ ಎಂದು ಕಂಪ್ಯೂಟರ್ ಕಂಡುಹಿಡಿಯಿತು ಎಂದೇ ನೋಡಿದವರು ತಿಳಿಯುತ್ತಾರೆ.

ಕಂಪ್ಯೂಟರ್ ಅಂಥದ್ದೇನನ್ನೂ ಕಂಡುಹಿಡಿದಿಲ್ಲ. ಗೆರೆ ಮಟ್ಟಸವಾಗಿರಬೇಕು ಎಂದು ಅದಕ್ಕೆ ಮೊದಲೇ ಅಪ್ಪಣೆಯಾಗಿತ್ತು. ವರ್ಷಕ್ಕೊಮ್ಮೆ ಮಾದರಿಯ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಭೂಮಿಯ, ತಾಪಮಾನ ನೋಡಿ, ಗುರಿಗಿಂತ ಎಷ್ಟು ಮೇಲಿದೆ ಎಂದು ಲೆಕ್ಕ ಹಾಕಿ, ಮುಂದಿನ ವರ್ಷದ ಗಂಧಕದ ಪ್ರಮಾಣ ನಿಗದಿ ಮಾಡುವ ಪುಟ್ಟ ಪ್ರೋಗ್ರಾಂ ಒಂದು, ಅದಕ್ಕೆ ನಿಯಂತ್ರಕ ಎನ್ನೋಣ, ಹಿಂದೆ ಕೂತಿರುತ್ತದೆ. ಹಾಗಾಗಿ ತಾಪಮಾನ ಎಂಬುದು ಪ್ರಶ್ನೆಪತ್ರಿಕೆಯಲ್ಲೇ ಅಚ್ಚಾಗಿದ್ದ ಉತ್ತರ. ಆ ಉತ್ತರ ತಲುಪಲು ಎಷ್ಟು ಗಂಧಕ ಬೇಕಾಯಿತು, ಯಾವ ಅಕ್ಷಾಂಶದಲ್ಲಿ ಬೇಕಾಯಿತು, ಕಣಗಳು ಎಷ್ಟು ದಪ್ಪವಾದವು, ಮಳೆ ಎಲ್ಲಿಗೆ ಸರಿಯಿತು, ಇಪ್ಪತ್ತು ಕಿಲೋಮೀಟರ್ ಮೇಲೆ ಗಾಳಿ ಏನಾಯಿತು: ಫಲಿತಾಂಶ ಇರುವುದು ಇಲ್ಲೆಲ್ಲ. ಈ ಬರಹವೂ ಅಲ್ಲೇ ಓಡಾಡುತ್ತದೆ.

ವಿಚಾರ ಹೊಸದಲ್ಲ. ಸೋವಿಯತ್ ಹವಾಮಾನ ವಿಜ್ಞಾನಿ ಮಿಖಾಯಿಲ್ ಬುಡಿಕೊ ಇದನ್ನು 1974ರಲ್ಲೇ ಎತ್ತಿದ್ದರು. ಓಝೋನ್ ರಸಾಯನಶಾಸ್ತ್ರಕ್ಕಾಗಿ ನೊಬೆಲ್ ಪಡೆದ ಪಾಲ್ ಕ್ರುಟ್ಜೆನ್ 2006ರಲ್ಲಿ ಇದರ ಬಗ್ಗೆ ಬರೆದ ಮೇಲೆ, ಅಲ್ಲಿಯವರೆಗೆ ಪಿಸುಮಾತಿನಲ್ಲಿದ್ದದ್ದು ಸಂಶೋಧನೆಯ ವಿಷಯವಾಯಿತು. ಎಲ್ಲರೂ ತೋರಿಸುವ ಸಾಕ್ಷಿ ಫಿಲಿಪ್ಪೀನ್ಸಿನ ಪಿನಾಟುಬೊ. 1991ರ ಜೂನ್ 15ರಂದು ಸಿಡಿದ ಆ ಜ್ವಾಲಾಮುಖಿ ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಸ್ಟ್ರ್ಯಾಟೊಸ್ಫಿಯರಿಗೆ ತೂರಿತು. ಮರುವರ್ಷ ಭೂಮಿಯ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು. ಸ್ಟ್ರ್ಯಾಟೊಸ್ಫಿಯರಿಗೆ ನಮ್ಮ ಶಾಲಾ ಪುಸ್ತಕಗಳು ಸಮೋಷ್ಣ ಮಂಡಲ ಎನ್ನುತ್ತವೆ. ಸಮ ಉಷ್ಣ! ಗಂಧಕ ಅಲ್ಲಿಗೆ ಹೋದ ಮೇಲೆ ಆ ಹೆಸರು ಎಷ್ಟು ತಪ್ಪುತ್ತದೆ ಎನ್ನುವುದು ಮುಂದೆ ಬರುತ್ತದೆ.

ಮೊದಲ ತಲೆಮಾರಿನ ಪ್ರಯೋಗಗಳಲ್ಲಿ ಗಂಧಕವೇ ಇರಲಿಲ್ಲ. ಸೂರ್ಯನನ್ನೇ ಸ್ವಲ್ಪ ಮಂದ ಮಾಡಿಬಿಡುತ್ತಿದ್ದರು. ಮಾದರಿಯ ಕೋಡಿನಲ್ಲಿ ಅದು ಒಂದೇ ಸಂಖ್ಯೆ. ಲೆಕ್ಕವೂ ಸುಲಭ. ಸೂರ್ಯನಿಂದ ಬರುವುದು ಚದರ ಮೀಟರಿಗೆ 1361 ವ್ಯಾಟ್. ಇಡೀ ಗೋಳಕ್ಕೆ ಹಂಚಿದರೆ ಅದರ ಕಾಲು ಭಾಗ, ಅಂದರೆ 340. ಅದರಲ್ಲಿ ಶೇಕಡಾ 30 ಪ್ರತಿಫಲಿಸಿ ವಾಪಸ್ ಹೋದರೆ ಉಳಿಯುವುದು 238. ಬಿಸಿಲನ್ನು ಶೇಕಡಾ 1 ತಗ್ಗಿಸಿದರೆ ಸಿಗುವುದು 2.4 ವ್ಯಾಟ್. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಆಗುವ ಹೊರೆ ನಾಲ್ಕು ವ್ಯಾಟಿಗೆ ತುಸು ಕಡಿಮೆ. ಅಂದರೆ ಶೇಕಡಾ 1.6ರಷ್ಟು ಬಿಸಿಲು ಕತ್ತರಿಸಿದರೆ ಸರಿಹೋಗಬೇಕು.

ಸರಿಹೋಗುವುದಿಲ್ಲ. 2011ರಲ್ಲಿ ಬೆನ್ ಕ್ರಾವಿಟ್ಜ್, ಅಲನ್ ರೋಬಾಕ್ ಮೊದಲಾದವರು ರೂಪಿಸಿದ, ಹಲವು ಮಾದರಿಗಳಿಗೆ ಒಂದೇ ಪ್ರಯೋಗ ಕೊಟ್ಟು ಹೋಲಿಸುವ ಜಿಯೋಮಿಪ್ ಯೋಜನೆಯ ಜಿ1 ಪ್ರಯೋಗದಲ್ಲಿ ಇಂಗಾಲದ ಡೈಆಕ್ಸೈಡನ್ನು ಒಮ್ಮೆಲೇ ನಾಲ್ಮಡಿ ಮಾಡಿ, ಅದನ್ನು ತೂಗಿಸುವಷ್ಟು ಸೂರ್ಯನನ್ನು ಮಂದ ಮಾಡಲಾಯಿತು. ಮೇಲಿನ ಲೆಕ್ಕದಂತೆ ಶೇಕಡಾ 3ರ ಆಸುಪಾಸು ಸಾಕಿತ್ತು. ಮಾದರಿಗಳು ಶೇಕಡಾ 3ರಿಂದ 5ರವರೆಗೆ ಕೇಳಿದವು. ಕಾರಣ ಮೋಡ. ಬಿಸಿಲು ತಗ್ಗಿ ಇಂಗಾಲ ಹೆಚ್ಚಿದ ಜಗತ್ತಿನಲ್ಲಿ ಕೆಳಮಟ್ಟದ ಮೋಡ ತೆಳುವಾಗುತ್ತದೆ. ನಾವು ಮುಚ್ಚಿದ ಬಾಗಿಲಿನ ಪಕ್ಕದ ಕಿಟಕಿ ತಾನಾಗಿ ತೆರೆದುಕೊಂಡ ಹಾಗೆ.

ಜಿ1ರಲ್ಲಿ ಕಂಡ ಎರಡು ಸಂಗತಿಗಳು ಇಂದಿಗೂ ಅಲುಗಾಡಿಲ್ಲ. ಸರಾಸರಿ ತಾಪಮಾನ ಹಳೆಯ ಮಟ್ಟಕ್ಕೆ ಬಂದರೂ ಉಷ್ಣವಲಯ ಮೊದಲಿಗಿಂತ ತಂಪು, ಧ್ರುವಗಳು ಮೊದಲಿಗಿಂತ ಬೆಚ್ಚಗೆ. ಬಿಸಿಲು ಹೆಚ್ಚು ಬೀಳುವುದು ಉಷ್ಣವಲಯದಲ್ಲಿ, ಕತ್ತರಿ ಹೆಚ್ಚು ತಗಲುವುದೂ ಅಲ್ಲೇ. ಇಂಗಾಲದ ಕಂಬಳಿಯಾದರೋ ಧ್ರುವದ ಚಳಿಗಾಲದ ಕತ್ತಲೆಯಲ್ಲೂ ಹೊದ್ದೇ ಇರುತ್ತದೆ. ಎರಡನೆಯದು ಮಳೆ. ತಾಪಮಾನದ ಏರಿಕೆ ಸೊನ್ನೆಗೆ ಬಂದರೂ ಜಗತ್ತಿನ ಒಟ್ಟು ಮಳೆ ಶೇಕಡಾ 4ರಿಂದ 5ರಷ್ಟು ಇಳಿಯಿತು. ಆವಿ ಮಳೆಯಾಗುವಾಗ ಬಿಟ್ಟುಕೊಡುವ ಶಾಖವನ್ನು ಗಾಳಿ ಆಕಾಶಕ್ಕೆ ಸೂಸಿ ಕಳೆದುಕೊಳ್ಳಬೇಕು. ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರೆ ಹಾಗೆ ಸೂಸುವುದು ಕಷ್ಟ. ಸೂಸಲಾಗದ ಗಾಳಿ ಮಳೆಯನ್ನೂ ಕಡಿಮೆ ಮಾಡುತ್ತದೆ. ಬಿಸಿಲು ತಗ್ಗಿಸಿದರೆ ನೆಲ ತಣ್ಣಗಾಗುತ್ತದೆ, ಆದರೆ ಗಾಳಿಯ ಈ ಬಂಧನ ಬಿಡುವುದಿಲ್ಲ. ತಾಪಮಾನ, ಮಳೆ ಎರಡನ್ನೂ ಒಂದೇ ತಿರುಗುಗುಂಡಿಯಿಂದ ಹಳೆಯ ಜಾಗಕ್ಕೆ ತರಲು ಆಗದು.

ಇನ್ನು ನಿಜವಾದ ಗಂಧಕಕ್ಕೆ ಬರೋಣ. ಮಾದರಿಗೆ ಅದನ್ನು ಉಣಿಸುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ತಿಂಗಳುಗಟ್ಟಲೆ ಓಡಿದ ರನ್, ಅಂದರೆ ಮಾದರಿಯ ಒಂದು ಪೂರ್ತಿ ಓಟ, ಹಾಳಾಗುವುದು ಇಲ್ಲೇ.

ಅಮೆರಿಕದ ಎನ್‌ಸಿಎಆರ್ ಸಂಸ್ಥೆಯ ಸಿಇಎಸ್‌ಎಂ ಮಾದರಿಯನ್ನೇ ತೆಗೆದುಕೊಳ್ಳಿ. ಅದಕ್ಕೆ ಬೇಕಾದದ್ದು ಒಂದು ಉತ್ಸರ್ಜನೆ ಕಡತ: ಯಾವ ಗ್ರಿಡ್ ಕೋಣೆಯಲ್ಲಿ (ಮಾದರಿ ಭೂಮಿಯನ್ನು ಹೋಳು ಮಾಡಿಕೊಂಡ ಚೌಕಗಳಲ್ಲಿ ಒಂದು), ಯಾವ ಎತ್ತರದಲ್ಲಿ, ಪ್ರತಿ ಘನ ಸೆಂಟಿಮೀಟರಿಗೆ ಪ್ರತಿ ಸೆಕೆಂಡಿಗೆ ಎಷ್ಟು ಅಣು. ವರ್ಷಕ್ಕೆ ಹತ್ತು ಲಕ್ಷ ಟನ್, ಅಂದರೆ ಒಂದು ಟೆರಾಗ್ರಾಂ, ಸಲ್ಫರ್ ಡೈಆಕ್ಸೈಡ್ ಹಾಕಬೇಕು ಎಂದುಕೊಳ್ಳಿ. ಅದರ ಅಣುತೂಕ 64. ವರ್ಷದ 3.15 ಕೋಟಿ ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಮೂರರ ಮುಂದೆ 26 ಸೊನ್ನೆಯಷ್ಟು ಅಣುಗಳು. ಸುರಿಯುವುದು 15 ಡಿಗ್ರಿ ಅಕ್ಷಾಂಶದ ಒಂದೇ ಕೋಣೆಗೆ. ಕೋಣೆಯ ಅಳತೆ ಅಕ್ಷಾಂಶದಲ್ಲಿ 0.94 ಡಿಗ್ರಿ, ರೇಖಾಂಶದಲ್ಲಿ 1.25 ಡಿಗ್ರಿ, ವಿಸ್ತೀರ್ಣ ಸುಮಾರು 14,000 ಚದರ ಕಿಲೋಮೀಟರ್. ಪದರದ ದಪ್ಪ ಒಂದು ಕಿಲೋಮೀಟರ್. ಭಾಗಿಸಿದರೆ ಬರುವುದು ಪ್ರತಿ ಘನ ಸೆಂಟಿಮೀಟರಿಗೆ ಸೆಕೆಂಡಿಗೆ 2.1 ಕೋಟಿ ಅಣು. ಕಡತ ತೆರೆದಾಗ ಈ ಗಾತ್ರದ ಸಂಖ್ಯೆ ಕಾಣಲಿಲ್ಲವೆಂದರೆ ರನ್ ಹಚ್ಚುವ ಮೊದಲೇ ನಿಲ್ಲಿಸಬೇಕು. 30 ಡಿಗ್ರಿಗೆ ಹೋದರೆ ಕೋಣೆ ಕಿರಿದಾಗುವುದರಿಂದ ಅದೇ ಗಂಧಕಕ್ಕೆ ಸಂಖ್ಯೆ 2.4 ಕೋಟಿಯ ಹತ್ತಿರವಾಗುತ್ತದೆ. 15 ಡಿಗ್ರಿಯ ಕಡತವನ್ನು ನಕಲು ಮಾಡಿ ಅಕ್ಷಾಂಶವನ್ನಷ್ಟೇ ಬದಲಿಸಿದವರು ತಮಗೆ ತಿಳಿಯದೆಯೇ ಶೇಕಡಾ 10ರಷ್ಟು ಗಂಧಕ ಕಡಿಮೆ ಹಾಕಿರುತ್ತಾರೆ.

ಇಲ್ಲಿನ ಅತಿ ಸಾಮಾನ್ಯ ತಪ್ಪು ಗಂಧಕಕ್ಕೂ ಸಲ್ಫರ್ ಡೈಆಕ್ಸೈಡಿಗೂ ಇರುವ ವ್ಯತ್ಯಾಸ ಮರೆಯುವುದು. ಗಂಧಕದ ತೂಕ 32, ಡೈಆಕ್ಸೈಡಿನದು 64. ಒಂದು ಲೇಖನದಲ್ಲಿ ಗಂಧಕದ ಲೆಕ್ಕ, ಇನ್ನೊಂದರಲ್ಲಿ ಅನಿಲದ ಲೆಕ್ಕ. ಎರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಿದರೆ ಒಂದು ಮಾದರಿ ಇನ್ನೊಂದಕ್ಕಿಂತ ಎರಡು ಪಟ್ಟು ಚುರುಕಾಗಿ ಕಾಣುತ್ತದೆ. ಮೂರನೆಯ ಲೆಕ್ಕವೂ ಇದೆ: 64 ಪಾಲು ಅನಿಲ 98 ಪಾಲು ಸಲ್ಫ್ಯೂರಿಕ್ ಆಮ್ಲವಾಗುತ್ತದೆ, ಆಮ್ಲ ನೀರು ಹೀರಿ ಮುಕ್ಕಾಲು ಆಮ್ಲ, ಕಾಲು ನೀರಿನ ಹನಿಯಾದಾಗ ತೂಕ ಸುಮಾರು 131. ಹಾಗಾಗಿ 'ಗಾಳಿಯಲ್ಲಿರುವ ಹೊರೆ' ಎಂದು ಯಾರಾದರೂ ಬರೆದರೆ, ಯಾವುದರ ಹೊರೆ ಎಂದು ಕೇಳಬೇಕು.

ಕ್ಯಾಲೆಂಡರ್ ಇನ್ನೊಂದು ಪುಟ್ಟ ಹೊಂಡ. ಸಿಇಎಸ್‌ಎಂನಲ್ಲಿ ಅಧಿಕ ವರ್ಷವಿಲ್ಲ, ವರ್ಷಕ್ಕೆ ಸದಾ 365 ದಿನ. ಬ್ರಿಟನ್ನಿನ ಯುಕೆಇಎಸ್‌ಎಂನಲ್ಲಿ ಎಲ್ಲ ತಿಂಗಳೂ 30 ದಿನ, ವರ್ಷಕ್ಕೆ 360. ಒಂದರ ಕಡತ ಇನ್ನೊಂದಕ್ಕೆ ಹೋದರೆ ಶೇಕಡಾ 1.4ರಷ್ಟು ಗಂಧಕ ಎಲ್ಲೋ ಮಾಯ. ಗೆರೆ ಇದನ್ನು ತೋರಿಸುವುದೇ ಇಲ್ಲ, ನಿಯಂತ್ರಕ ಮುಂದಿನ ವರ್ಷ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ನಿಯಂತ್ರಕವಿರುವ ಪ್ರಯೋಗದ ದೊಡ್ಡ ಅಪಾಯವೇ ಇದು: ನಮ್ಮ ತಪ್ಪುಗಳನ್ನೂ ಅದು ತಿದ್ದಿ ಮುಚ್ಚಿಬಿಡುತ್ತದೆ. ತಾಪಮಾನ ಸರಿಯಿದೆ ಎಂದ ಮಾತ್ರಕ್ಕೆ ಕಡತ ಸರಿಯಿದೆ ಎಂದಾಗಲಿಲ್ಲ.

ಹಾಕಿದ ಅನಿಲ ಗಾಳಿಯಲ್ಲಿನ ಚುರುಕು ಅಣುತುಣುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಜತೆ ಸೇರಿ ಸುಮಾರು ಒಂದು ತಿಂಗಳಲ್ಲಿ ಆಮ್ಲವಾಗುತ್ತದೆ, ಆಮ್ಲ ಹನಿಕಣವಾಗುತ್ತದೆ. ಮುಂದಿನ ಕಥೆಯನ್ನೆಲ್ಲ ಕಣದ ಗಾತ್ರವೇ ನಡೆಸುವುದು. 20 ಕಿಲೋಮೀಟರ್ ಎತ್ತರದಲ್ಲಿ 0.2 ಮೈಕ್ರೊಮೀಟರ್ ತ್ರಿಜ್ಯದ ಹನಿ ದಿನಕ್ಕೆ ಎಂಟು-ಹತ್ತು ಮೀಟರ್ ಇಳಿಯುತ್ತದೆ. 0.5 ಮೈಕ್ರೊಮೀಟರಿನದು 20ರಿಂದ 25 ಮೀಟರ್. ಒಂದು ಮೈಕ್ರೊಮೀಟರ್ ಆಯಿತೋ, 50 ದಾಟುತ್ತದೆ. ಆ ಎತ್ತರದಲ್ಲಿ ಗಾಳಿ ಎಷ್ಟು ತೆಳು ಎಂದರೆ ಅಣುವಿನಿಂದ ಅಣುವಿಗೆ ಇರುವ ಸರಾಸರಿ ಓಟವೇ ಒಂದು ಮೈಕ್ರೊಮೀಟರಿನಷ್ಟು. ಚಿಕ್ಕ ಹನಿ ಅಣುಗಳ ಸಂದಿನಲ್ಲಿ ಜಾರುತ್ತದೆ. ಆ ಜಾರುವಿಕೆಯ ತಿದ್ದುಪಡಿಯನ್ನು ಕೋಡಿನಲ್ಲಿ ಬಿಟ್ಟರೆ ಬೀಳುವ ವೇಗ ನಾಲ್ಕರಿಂದ ಹತ್ತು ಪಟ್ಟು ತಪ್ಪುತ್ತದೆ. ದಪ್ಪ ಕಣಕ್ಕೆ ಇನ್ನೊಂದು ದೋಷ: ಅದೇ ತೂಕಕ್ಕೆ ಅದು ಚದುರಿಸುವ ಬಿಸಿಲೂ ಕಡಿಮೆ. ಬೇಗ ಬೀಳುತ್ತದೆ, ಇದ್ದಷ್ಟು ದಿನ ಕೆಲಸವನ್ನೂ ಕಡಿಮೆ ಮಾಡುತ್ತದೆ. ಗಂಧಕವನ್ನು ಎರಡು ಪಟ್ಟು ಮಾಡಿದರೆ ತಂಪು ಎರಡು ಪಟ್ಟಾಗದಿರುವುದಕ್ಕೆ ಇದೇ ಕಾರಣ.

ಪಿನಾಟುಬೊ ಹೋಲಿಕೆ ಕೈಕೊಡುವುದೂ ಇಲ್ಲೇ. ಜ್ವಾಲಾಮುಖಿ ಒಂದು ಸಲ, ಬಹುಪಾಲು ಖಾಲಿಯಿದ್ದ ಆಕಾಶಕ್ಕೆ ಸುರಿಯಿತು. ನಿತ್ಯವೂ ಸಿಂಪಡಿಸಿದರೆ ಹೊಸ ಆಮ್ಲ ಹೊಸ ಕಣವಾಗುವ ಬದಲು ಆಗಲೇ ತೇಲುತ್ತಿರುವ ಹಳೆಯ ಕಣಗಳ ಮೇಲೆ ಕೂತು ಅವನ್ನೇ ಕೊಬ್ಬಿಸುತ್ತದೆ. ಪಿನಾಟುಬೊವನ್ನು ಸರಿಯಾಗಿ ತೋರಿಸಿದ ಮಾದರಿ ನಿತ್ಯದ ಸಿಂಪಡಣೆಯನ್ನೂ ಸರಿಯಾಗಿ ತೋರಿಸುತ್ತದೆ ಎಂದು ಹೇಳಲಾಗದು. ಅಷ್ಟಕ್ಕೂ ಪಿನಾಟುಬೊವನ್ನೇ ಕೆಲವು ಮಾದರಿಗಳು ಉಪಗ್ರಹ ಕಂಡದ್ದಕ್ಕಿಂತ ಕಡಿಮೆ, ಒಂದರಿಂದ 1.4 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಕೊಟ್ಟಾಗಲೇ ಸರಿಯಾಗಿ ತೋರಿಸುವುದು; ಹೆಚ್ಚು ಕೊಟ್ಟರೆ ಕಣದ ಹೊರೆ ಅಳತೆಯನ್ನು ಮೀರುತ್ತದೆ. ಹೊಗೆಗಂಬದಲ್ಲಿದ್ದ ಬೂದಿ ಮೊದಲ ಕೆಲವು ವಾರಗಳಲ್ಲಿ ಒಂದಿಷ್ಟು ಗಂಧಕವನ್ನು ಹೊತ್ತು ಬಿದ್ದಿರಬಹುದು. ಹೆಚ್ಚಿನ ಮಾದರಿಗಳಲ್ಲಿ ಬೂದಿ ಇರುವುದಿಲ್ಲ. 2022ರ ಜನವರಿಯ ಹುಂಗಾ ಟೊಂಗಾ ಸ್ಫೋಟ ಮತ್ತೊಂದು ಬಗೆಯ ಪರೀಕ್ಷೆ ಕೊಟ್ಟಿತು: ಸಲ್ಫರ್ ಡೈಆಕ್ಸೈಡ್ ನಾಲ್ಕೈದು ಲಕ್ಷ ಟನ್ ಮಾತ್ರ, ಆದರೆ ಸುಮಾರು 15 ಕೋಟಿ ಟನ್ ನೀರಾವಿ. ನೀರು ಹೆಚ್ಚಿದ್ದಲ್ಲಿ ಹೈಡ್ರಾಕ್ಸಿಲ್ ಹೆಚ್ಚು, ಅನಿಲ ಕಣವಾಗುವ ವೇಗವೂ ಹೆಚ್ಚು. ರಸಾಯನ ಕ್ರಿಯೆಗಳನ್ನು ತಾನೇ ಲೆಕ್ಕ ಹಾಕುವ ಮಾದರಿಗಷ್ಟೇ ಇದು ಗೊತ್ತಾಗುತ್ತದೆ.

ಕಣದ ಗಾತ್ರವನ್ನು ಲೆಕ್ಕ ಹಾಕಲು ಎರಡು ದಾರಿ. ಗಾತ್ರಗಳನ್ನು ಹತ್ತಾರು ಡಬ್ಬಿಗಳಾಗಿ ಭಾಗ ಮಾಡಿ ಪ್ರತಿ ಡಬ್ಬಿಯನ್ನೂ ಪ್ರತ್ಯೇಕ ಹಿಂಬಾಲಿಸುವುದು ಒಂದು. ನಿಖರ, ಆದರೆ ದುಬಾರಿ. ಇನ್ನೊಂದರಲ್ಲಿ ಮೂರೋ ನಾಲ್ಕೋ ಗುಡ್ಡದಾಕಾರದ ಹಂಚಿಕೆಗಳನ್ನು ಇಟ್ಟುಕೊಂಡು, ಗುಡ್ಡದ ಎತ್ತರ ಮತ್ತು ಜಾಗವನ್ನು ಮಾತ್ರ ಬದಲಾಗಲು ಬಿಟ್ಟು ಅಗಲವನ್ನು ಸ್ಥಿರವಾಗಿಡುತ್ತಾರೆ. ಹೆಚ್ಚಿನವರು ಎರಡನೆಯದನ್ನೇ ಬಳಸುವುದು. ಆ ಅಗಲ ನೆಲಮಟ್ಟದ ಧೂಳು ಮತ್ತು ಸಮುದ್ರದ ಉಪ್ಪಿಗಾಗಿ ಆರಿಸಿದ್ದಾದರೆ ಸಮೋಷ್ಣ ಮಂಡಲಕ್ಕೆ ಹೊಂದುವುದಿಲ್ಲ: ಅಗಲವಾದ ಗುಡ್ಡದ ಬಾಲದಲ್ಲಿ ಇಲ್ಲದ ದೈತ್ಯ ಕಣಗಳು ಹುಟ್ಟಿ ಸರಸರ ಬೀಳುತ್ತವೆ. ಸಿಇಎಸ್‌ಎಂನಲ್ಲಿ ದಪ್ಪ ಕಣಗಳ ಈ ಅಗಲವನ್ನು 1.8ರಿಂದ 1.2ಕ್ಕೆ ಇಳಿಸಿದ್ದು ಇದಕ್ಕಾಗಿಯೇ. ಒಂದು ಸ್ಥಿರಾಂಕ, ಅಷ್ಟೇ. ಆದರೆ ಗಂಧಕದ ಆಯುಷ್ಯ ಅದರ ಕೈಯಲ್ಲಿದೆ.

ಇದಕ್ಕಿಂತ ದೊಡ್ಡ ಸುಳ್ಳೊಂದು ಎಲ್ಲ ಜಾಗತಿಕ ಮಾದರಿಗಳಲ್ಲೂ ಇದೆ. ವಿಮಾನದ ಹಿಂದೆ ಬಿಡುವ ಅನಿಲ ಮೊದಲು ಕೆಲವೇ ಮೀಟರ್ ಅಗಲದ ಜಾಡಾಗಿ ಹರಡುತ್ತದೆ. ಆ ದಟ್ಟಣೆಯಲ್ಲಿ ಕಣಗಳು ಹುಟ್ಟುವ, ಒಂದಕ್ಕೊಂದು ಡಿಕ್ಕಿ ಹೊಡೆದು ಅಂಟುವ ರೀತಿಯೇ ಬೇರೆ. ಮಾದರಿ ಮಾತ್ರ ಹಾಕಿದ ಕ್ಷಣವೇ ಅದನ್ನು ನೂರು ಕಿಲೋಮೀಟರ್ ಕೋಣೆಯ ತುಂಬ ಸಮನಾಗಿ ಕಲಸಿಬಿಡುತ್ತದೆ. ಅನಿಲದ ಬದಲು ಸಲ್ಫ್ಯೂರಿಕ್ ಆಮ್ಲದ ಆವಿಯನ್ನೇ ಬಿಟ್ಟರೆ ಬೇಕಾದ ಗಾತ್ರದ ಕಣ ಸಿಗುತ್ತದೆ ಎನ್ನುವ ವಾದವೆಲ್ಲ ನಿಂತಿರುವುದು ಈ ಜಾಡಿನೊಳಗಿನ ಲೆಕ್ಕದ ಮೇಲೆ. ಜಾಗತಿಕ ಮಾದರಿಯಲ್ಲಿ ಅದನ್ನು ಪರೀಕ್ಷಿಸುವವರು ಹುಟ್ಟುಗಾತ್ರವನ್ನು ತಾವೇ ಬರೆದುಕೊಟ್ಟು ಮುಂದಕ್ಕೆ ಓಡಿಸುತ್ತಾರೆ. ಅದೂ ಅಪ್ಪಣೆಯೇ, ಗೆರೆಯಂತೆ.

ಎಲ್ಲಿ ಹಾಕಬೇಕು? ಮೊದಲಿಗೆ ಎಲ್ಲರಿಗೂ ತೋಚಿದ್ದು ಸಮಭಾಜಕ. ಅಲ್ಲಿ ಗಾಳಿ ನಿಧಾನವಾಗಿ ಮೇಲೇರುತ್ತದೆ, ಮೇಲಿಂದ ಎರಡೂ ಧ್ರುವಗಳ ಕಡೆ ಹರಿಯುತ್ತದೆ. ಹಾಕಿದ್ದು ಎಲ್ಲೆಡೆ ತಲುಪಬೇಕಲ್ಲ. ತಲುಪುತ್ತದೆ, ಆದರೆ ತಡವಾಗಿ. ಉಷ್ಣವಲಯದ ಮೇಲೆ ಗಾಳಿಯ ಒಂದು ಕೊಳವೆಯೇ ಇದೆ. ಅದರೊಳಗೆ ಸಿಕ್ಕಿಬಿದ್ದ ಕಣಗಳು ಅಲ್ಲೇ ಡಿಕ್ಕಿಯಾಗಿ ದಪ್ಪವಾಗುತ್ತವೆ, ಉಷ್ಣವಲಯವನ್ನೇ ಅತಿಯಾಗಿ ತಣಿಸುತ್ತವೆ. ಒಂದೇ ಗೋಳಾರ್ಧದಲ್ಲಿ ಹಾಕಿದರೆ ಇನ್ನೂ ಕೆಡುಕು. ತಂಪಾದ ಗೋಳಾರ್ಧದಿಂದ ಉಷ್ಣವಲಯದ ಮಳೆಪಟ್ಟಿ ದೂರ ಸರಿಯುತ್ತದೆ. ಜಿಮ್ ಹೇವುಡ್ ಮತ್ತು ಜತೆಗಾರರು 2013ರಲ್ಲಿ ತೋರಿಸಿದಂತೆ ಆಫ್ರಿಕಾದ ಸಾಹೆಲ್ ಪ್ರದೇಶದ ಅತಿ ಒಣ ಬೇಸಿಗೆಗಳಲ್ಲಿ ಹೆಚ್ಚಿನವು ಉತ್ತರ ಗೋಳಾರ್ಧದ ದೊಡ್ಡ ಸ್ಫೋಟಗಳ ಬೆನ್ನಿಗೇ ಬಂದಿದ್ದವು. 1912ರ ಕಾಟ್‌ಮೈ, 1982ರ ಎಲ್ ಚಿಚೋನ್ ಅಂಥವು.

ಹಾಗಾಗಿ ಈಗಿನ ಪ್ರಯೋಗಗಳು 15 ಮತ್ತು 30 ಡಿಗ್ರಿಗಳಲ್ಲಿ, ಉತ್ತರಕ್ಕೂ ದಕ್ಷಿಣಕ್ಕೂ, ಒಟ್ಟು ನಾಲ್ಕು ಕಡೆ ಹಾಕುತ್ತವೆ. ನಿಯಂತ್ರಕ ಮೂರು ಸಂಖ್ಯೆಗಳನ್ನು ನೋಡುತ್ತದೆ: ಭೂಮಿಯ ಸರಾಸರಿ, ಉತ್ತರ-ದಕ್ಷಿಣದ ವ್ಯತ್ಯಾಸ (ಅದಕ್ಕಾಗಿ ತಾಪಮಾನವನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಿ ಸರಾಸರಿ ತೆಗೆಯುತ್ತಾರೆ), ಮತ್ತು ಸಮಭಾಜಕ-ಧ್ರುವದ ವ್ಯತ್ಯಾಸ. ಪ್ರತಿಯೊಂದರ ತಪ್ಪಿಗೂ ಎರಡು ಬಗೆಯ ಉತ್ತರ, ಈ ವರ್ಷದ ತಪ್ಪಿಗೆ ಒಂದು ಪಾಲು, ಇಷ್ಟು ವರ್ಷ ಕೂಡಿಟ್ಟ ತಪ್ಪಿಗೆ ಒಂದು ಪಾಲು. ಜತೆಗೆ ಮುಂಗಡ ಅಂದಾಜೊಂದು. ಒಂದು ಎಲ್ ನಿನೋ ವರ್ಷ ಬಂದರೆ ನಿಯಂತ್ರಕ ಗಾಬರಿಯಾಗಿ ಗಂಧಕ ಏರಿಸಬಾರದು, ಅದಕ್ಕೇ ಮೊದಲ ಪಾಲನ್ನು ಮಿತವಾಗಿಡುವುದು.

ಕೂಡಿಟ್ಟ ಪಾಲು ಕೈಕೊಡುವ ಜಾಗ ಗೊತ್ತಿರಬೇಕು. ಪ್ರಯೋಗದ ಮೊದಲ ವರ್ಷಗಳಲ್ಲಿ ತಾಪಮಾನ ಗುರಿಗಿಂತ ಕೆಳಗಿದ್ದರೆ ನಿಯಂತ್ರಕ ಋಣ ಗಂಧಕ ಕೇಳುತ್ತದೆ. ಆಕಾಶದಿಂದ ಗಂಧಕ ವಾಪಸ್ ಎತ್ತಲಾಗದು, ಸೊನ್ನೆಗೆ ಕತ್ತರಿಸಬೇಕು. ಆದರೆ ಕೂಡಿಡುವ ಲೆಕ್ಕವನ್ನು ಅಲ್ಲೇ ನಿಲ್ಲಿಸದಿದ್ದರೆ ಆ ಋಣ ಬೆಳೆಯುತ್ತಲೇ ಹೋಗಿ, ನಿಜವಾಗಿ ಗಂಧಕ ಬೇಕಾದ ಹೊತ್ತಿಗೆ ನಿಯಂತ್ರಕ ಹಳೆಯ ಸಾಲ ತೀರಿಸುತ್ತ ಕೂರುತ್ತದೆ. ಇನ್ನೊಂದು, ತೀರ ಕಚೇರಿ ಮಟ್ಟದ್ದು: ಯಂತ್ರ ಕೆಟ್ಟು ಒಂದು ವರ್ಷವನ್ನು ಮತ್ತೆ ಓಡಿಸಬೇಕಾದಾಗ ನಿಯಂತ್ರಕದ ಲಾಗ್ ಕಡತದಿಂದ ಆ ವರ್ಷದ ಸಾಲನ್ನು ಅಳಿಸಲು ಮರೆತರೆ ಅದೇ ತಪ್ಪು ಎರಡು ಸಲ ಕೂಡಿಕೊಳ್ಳುತ್ತದೆ. ಗೆರೆಯಲ್ಲಿ ಕಾಣುವುದು ಸಣ್ಣದೊಂದು ಕುಕ್ಕು. ಅದನ್ನು ಹವಾಮಾನದ ಏರಿಳಿತ ಎಂದು ಓದಿಬಿಡುವುದು ಬಲು ಸುಲಭ.

ಈಗ ಸಮೋಷ್ಣ ಮಂಡಲದ ಹೆಸರಿನ ವಿಚಾರ. ಆಮ್ಲದ ಹನಿಗಳು ಬಿಸಿಲನ್ನು ಚದುರಿಸುವುದರ ಜತೆಗೆ ಭೂಮಿಯಿಂದ ಮೇಲೇರುವ ಶಾಖವನ್ನೂ, ಸೂರ್ಯನ ಅವಕೆಂಪು ಕಿರಣಗಳ ಒಂದು ಪಾಲನ್ನೂ ಹೀರುತ್ತವೆ. ಅವು ಇರುವ ಪದರ ಕಾಯುತ್ತದೆ. ಸೂರ್ಯನನ್ನು ಮಂದ ಮಾಡಿದ ಪ್ರಯೋಗಗಳಲ್ಲಿ ಇದು ಇರಲೇ ಇಲ್ಲ. ಆ ಫಲಿತಾಂಶಗಳನ್ನು ಗಂಧಕದ ಹೆಸರಿನಲ್ಲಿ ಓದಬಾರದು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಡ. ಕಾದ ಪದರದಿಂದ ಒಂದರ ಹಿಂದೆ ಒಂದು ಪರಿಣಾಮ. ಉಷ್ಣವಲಯದ ಮೇಲೆ 28 ತಿಂಗಳಿಗೊಮ್ಮೆ ದಿಕ್ಕು ಬದಲಿಸುವ ಗಾಳಿಯ ಲಯ ಕೆಡುತ್ತದೆ. ಸಮಭಾಜಕದಲ್ಲೇ ಹೆಚ್ಚು ಹಾಕಿದರೆ ಕೆಳಪದರದ ಗಾಳಿ ಪಶ್ಚಿಮದಿಂದ ಬೀಸುವ ದಿಕ್ಕಿಗೇ ಅಂಟಿ ನಿಲ್ಲುವುದನ್ನು ವ್ಯಾಲೆಂಟಿನಾ ಅಕ್ವಿಲಾ ಮತ್ತು ಜತೆಗಾರರು 2014ರಲ್ಲಿ ತೋರಿಸಿದರು. ಈ ಲಯವನ್ನು ತಾನೇ ಹುಟ್ಟಿಸುವಷ್ಟು ತೆಳು ಪದರಗಳು ಮಾದರಿಯಲ್ಲಿ ಇರಬೇಕು. ಹಲವು ಮಾದರಿಗಳಲ್ಲಿ ಇರುವುದಿಲ್ಲ. ಉಷ್ಣವಲಯದ ಮೇಲಿನ ಅತಿ ತಂಪು ಪದರ ಬೆಚ್ಚಗಾದರೆ ಅಲ್ಲಿ ಹೆಪ್ಪುಗಟ್ಟಿ ಉಳಿಯಬೇಕಿದ್ದ ನೀರಾವಿ ಮೇಲೆ ನುಸುಳಿ ತಾನೇ ಹಸಿರುಮನೆ ಅನಿಲವಾಗಿ ತಂಪಿನ ಒಂದು ಪಾಲನ್ನು ತಿನ್ನುತ್ತದೆ. ಹನಿಗಳ ಮೇಲ್ಮೈಯಲ್ಲಿ ಕ್ಲೋರಿನ್ ಚುರುಕಾಗಿ ಅಂಟಾರ್ಕ್ಟಿಕದ ಓಝೋನ್ ಚೇತರಿಕೆ ತಡವಾಗುತ್ತದೆ. ಉತ್ತರ ಧ್ರುವದ ಮೇಲಿನ ಚಳಿಗಾಲದ ಗಾಳಿಸುಳಿ ಬಲವಾಗಿ ಉತ್ತರ ಯುರೇಷ್ಯಾದ ಚಳಿಗಾಲ ಬೆಚ್ಚಗಾಗುತ್ತದೆ, ವರ್ಷದ ಸರಾಸರಿ ಗೆರೆ ಮಟ್ಟಸವಾಗಿದ್ದಾಗಲೂ.

ಯಾವ ಮಾದರಿ ಗಂಧಕದಿಂದ ಶುರು ಮಾಡಿತು, ಯಾವುದು ಸಿದ್ಧ ಕಣಪದರವನ್ನು ಎರವಲು ತಂದಿತು ಎಂಬುದನ್ನೂ ನೋಡಿ. ಜಿಯೋಮಿಪ್‌ನ ಜಿ6 ಸಲ್ಫರ್ ಪ್ರಯೋಗದಲ್ಲಿ ಸಿಇಎಸ್‌ಎಂ, ಯುಕೆಇಎಸ್‌ಎಂ ಅನಿಲದಿಂದಲೇ ಕಣ ಮಾಡಿದವು. ಜರ್ಮನಿಯ ಎಂಪಿಐ ಮತ್ತು ಫ್ರಾನ್ಸಿನ ಸಿಎನ್‌ಆರ್‌ಎಂ ಮಾದರಿಗಳಿಗೆ ಕಣಪದರವನ್ನು ಹೊರಗಿನಿಂದ ಕೊಡಲಾಯಿತು. ಎರಡನೆಯ ಗುಂಪನ್ನು 'ಎಷ್ಟು ಗಂಧಕ ಬೇಕು' ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಮಳೆಯ ವಿಷಯದಲ್ಲಿ ಆತುರ ಬೇಡ. ಒಂದು ಪ್ರದೇಶದ ಮಳೆ ವರ್ಷದಿಂದ ವರ್ಷಕ್ಕೆ ಶೇಕಡಾ 10ರಷ್ಟು ಅತ್ತಿತ್ತ ಆಗುತ್ತದೆ ಎಂದುಕೊಳ್ಳಿ. ಒಂದು ರನ್ನಿನ 20 ವರ್ಷದ ಸರಾಸರಿಯಲ್ಲಿ ಉಳಿಯುವ ಅನಿಶ್ಚಿತತೆ ಶೇಕಡಾ 2.2, ಎರಡು ರನ್ನುಗಳ ವ್ಯತ್ಯಾಸದಲ್ಲಿ 3.2. ಅಂದರೆ ಶೇಕಡಾ 5ರ ಬದಲಾವಣೆಯನ್ನೂ ಎದೆ ತಟ್ಟಿ ಹೇಳುವಂತಿಲ್ಲ. ಎರಡೂ ಕಡೆ ಹತ್ತು ಹತ್ತು ರನ್ ಇದ್ದರೆ ಅದು ಶೇಕಡಾ 1ಕ್ಕೆ ಇಳಿಯುತ್ತದೆ. ಅರೈಸ್ ಹೆಸರಿನ ಪ್ರಯೋಗ 35 ವರ್ಷವನ್ನು ಹತ್ತು ಸಲ ಓಡಿಸಿದ್ದು, ಅದಕ್ಕೂ ಹಿಂದಿನ ಗ್ಲೆನ್ಸ್ 2020ರಿಂದ 2099ರವರೆಗೆ 20 ಸಲ ಓಡಿಸಿದ್ದು ಇದಕ್ಕಾಗಿ. ರನ್ನುಗಳನ್ನು ಬೇರೆ ಮಾಡಲು ಆರಂಭದ ತಾಪಮಾನದಲ್ಲಿ ಒಂದು ಡಿಗ್ರಿಯ ನೂರು ಲಕ್ಷ ಕೋಟಿಯ ಒಂದು ಭಾಗ ಅಲುಗಿಸಿದರೂ ಸಾಕು, ಕೆಲವು ವಾರಗಳಲ್ಲಿ ಹವೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ಗ್ಲೆನ್ಸ್ ಬಳಸುವವರಿಗೆ ಒಂದು ಎಚ್ಚರಿಕೆ: ಗಂಧಕವಿರುವ ರನ್ 20 ಇದ್ದರೂ, ಗಂಧಕವಿಲ್ಲದವುಗಳಲ್ಲಿ ಶತಮಾನದ ಕೊನೆಯವರೆಗೆ ಹೋದದ್ದು ಮೂರೇ. ಹೋಲಿಕೆಯ ಬಲ ಆ ಮೂರರಷ್ಟೇ.

ಯಾವುದಕ್ಕೆ ಹೋಲಿಸುತ್ತೀರಿ ಎಂಬುದು ಇನ್ನೂ ಮುಖ್ಯ. ಕಾದ ಜಗತ್ತಿನಲ್ಲಿ ಒಟ್ಟು ಮಳೆ ಹೆಚ್ಚು. 2060ರ ಗಂಧಕದ ಜಗತ್ತನ್ನು 2060ರ ಗಂಧಕವಿಲ್ಲದ ಜಗತ್ತಿಗೆ ಹೋಲಿಸಿದರೆ 'ಮಳೆ ಕುಸಿಯಿತು' ಎಂದು ತಲೆಬರಹ ಬರುತ್ತದೆ. ಇಂದಿನ ಜಗತ್ತಿಗೆ ಹೋಲಿಸಿದರೆ ಅದೇ ಅಂಕಿ ಅಷ್ಟೇನೂ ದೊಡ್ಡದಲ್ಲ. ಎರಡೂ ಸುಳ್ಳಲ್ಲ, ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ನಕ್ಷೆಯ ಕೆಳಗೆ ಹೋಲಿಕೆಯ ವರ್ಷಗಳನ್ನು ಬರೆದಿಲ್ಲವೆಂದರೆ ಆ ನಕ್ಷೆಯನ್ನು ಪಕ್ಕಕ್ಕಿಡಿ.

ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದರಲ್ಲಿ ಮಾದರಿಗಳ ನಡುವೆ ಜಗಳವಿಲ್ಲ. ಕಣಗಳ ಆಯುಷ್ಯ ಸುಮಾರು ಒಂದು ವರ್ಷ. ಅವು ತೊಳೆದುಹೋದ ಮೇಲೆ ಇಷ್ಟು ವರ್ಷ ಮುಚ್ಚಿಟ್ಟ ಬಿಸಿಯ ಬಹುಪಾಲು ಒಂದೆರಡು ದಶಕದಲ್ಲಿ ಮರಳುತ್ತದೆ.

ಜಗಳ ಇರುವುದು ಗಂಧಕ ಎಲ್ಲಿ ಬೇಕು ಎಂಬುದರಲ್ಲಿ. ಸಿಇಎಸ್‌ಎಂನ ಹಳೆಯ ಆವೃತ್ತಿಯಲ್ಲಿ ಓಡಿದ ಗ್ಲೆನ್ಸ್‌ನಲ್ಲಿ ನಿಯಂತ್ರಕ ಹೆಚ್ಚಿನದನ್ನು ಉತ್ತರ ಮತ್ತು ದಕ್ಷಿಣದ 30 ಡಿಗ್ರಿಗಳಲ್ಲಿ ಹಾಕಿತು. ಅದೇ ಸಂಸ್ಥೆಯ ಎರಡನೆಯ ಆವೃತ್ತಿಯಲ್ಲಿ, ಅರೈಸ್‌ನಲ್ಲಿ, ಬಹುಪಾಲು ದಕ್ಷಿಣದ 15 ಡಿಗ್ರಿಗೆ ಹೋಯಿತು. ಯುಕೆಇಎಸ್‌ಎಂನಲ್ಲಿ ಅದೇ ಅರೈಸ್ ಓಡಿಸಿದಾಗ ಮತ್ತೆ ಎರಡೂ 30 ಡಿಗ್ರಿಗಳಿಗೆ ಹೆಚ್ಚುಕಡಿಮೆ ಸಮಪಾಲು. ಮೂರರಲ್ಲೂ ತಾಪಮಾನದ ಗೆರೆ ಮಟ್ಟಸವಾಗಿಯೇ ಇದೆ! ಕಾರಣ ಹುಡುಕಿದವರು ತಲುಪಿದ್ದು ಕಣಗಳ ಬಳಿಗಲ್ಲ, ಮೋಡಗಳ ಬಳಿಗೆ: ಇಂಗಾಲದ ಡೈಆಕ್ಸೈಡ್ ಏರಿದೊಡನೆ, ಸಮುದ್ರ ಕಾಯುವ ಮೊದಲೇ, ದಕ್ಷಿಣ ಗೋಳಾರ್ಧದ ಮೋಡ ಬದಲಾಗುವ ರೀತಿ ಮಾದರಿಯಿಂದ ಮಾದರಿಗೆ ಬೇರೆ, ಅಟ್ಲಾಂಟಿಕ್ ಸಾಗರದ ಆಳದ ಹರಿವು ಕುಗ್ಗುವ ರೀತಿಯೂ ಬೇರೆ. ಮೋಡದ ಪಾಲನ್ನು ಬಿಡಿಸಿ ನೋಡಲು ಗಂಧಕದ ಪ್ರಯೋಗ ಬೇಕಾಗಿಯೇ ಇಲ್ಲ. ಸಮುದ್ರದ ತಾಪಮಾನವನ್ನು ಕಟ್ಟಿಹಾಕಿ, ಇಂಗಾಲದ ಡೈಆಕ್ಸೈಡನ್ನು ನಾಲ್ಮಡಿ ಮಾಡಿ, 30 ವರ್ಷ ಓಡಿಸಿ, ದಕ್ಷಿಣದ ಸಾಗರದ ಮೇಲೆ ಮೋಡ ಎಷ್ಟು ಬಿಸಿಲು ಹಿಂದಿರುಗಿಸಿತು ಎಂದು ನೋಡಿದರೆ, ನಿಯಂತ್ರಕ ಗಂಧಕವನ್ನು ಯಾವ ಕಡೆಗೆ ವಾಲಿಸಲಿದೆ ಎಂಬುದರ ಸುಳಿವು ಅಲ್ಲೇ ಸಿಗುತ್ತದೆ.